ಸೋಲಿನಲ್ಲಿ ಮುಂದೆ, ಗೆಲುವಿನಲ್ಲಿ ಹಿಂದೆ

ಮನೆಭೇಟಿಗೆ ಹೊರಟಾಗ ನಮ್ಮ ಕಿವಿಗೆ ಬೀಳುವ ಮಾತುಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿವೆ. ನಾವು ಗುರುದೀಕ್ಷೆ ಪಡೆದ ಹೊಸತರಲ್ಲಿ ಮನೆಯ ಹಿರಿಯರು ಮಳೆ ಬೆಳೆಯ ಬಗ್ಗೆ, ಅಡಿಕೆಯ ದರದ ಬಗ್ಗೆ, ಮಗಳ ಮದುವೆಗೆ ಮಾಡಿದ ಸಾಲದ ಬಗ್ಗೆ ಹೇಳಿಕೊಳ್ಳುತ್ತಿದ್ದರು. ಈಗ ಚಹಾದ ಲೋಟ ಕೈಗೆ ಬರುವಷ್ಟರಲ್ಲಿ ಮಾತು ಕೆಲಸದ ಜಾಗದತ್ತ ಹೊರಳುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ರಾತ್ರಿ ಪಾಳಿ ಮುಗಿಸಿ ಬಂದು ಯಾರೊಡನೆಯೂ ಮಾತನಾಡದೆ ಮಲಗುತ್ತಾಳೆ. ಬೆಂಗಳೂರಿನ ಕಚೇರಿಯಲ್ಲಿರುವ ಮಗನಿಗೆ ಭಾನುವಾರ ಸಂಜೆಯಾಯಿತೆಂದರೆ ಎದೆ ಭಾರವಾಗುತ್ತದೆ. ಕೊಲ್ಲಿ ರಾಷ್ಟ್ರದಿಂದ ರಜೆಗೆ ಬಂದ ಯಜಮಾನ ಹೊರಡುವ ದಿನ ಹತ್ತಿರವಾದಂತೆ ಮೌನಿಯಾಗುತ್ತಾನೆ. ‘ಸಂಬಳಕ್ಕೇನೂ ಕೊರತೆಯಿಲ್ಲ ಫಾದರ್, ಮೇಲಿನವರ ಮುಖ ನೆನೆಸಿಕೊಂಡರೆ ಅನ್ನ ಒಳಗೆ ಇಳಿಯುವುದಿಲ್ಲ’ ಎಂಬ ಮಾತನ್ನು ನಾವು ಒಂದಲ್ಲ, ಹತ್ತಾರು ಮನೆಗಳಲ್ಲಿ ಕೇಳಿದ್ದೇವೆ.

ಆದರೆ ಅದೇ ಮನೆಗಳಲ್ಲಿ ‘ಮೇಲಿನವರೂ’ ಇದ್ದಾರೆ ಎಂಬುದನ್ನು ನಾವು ಮರೆಯಬಾರದು. ವಾರ್ಡಿನ ಉಸ್ತುವಾರಿ ಹೊತ್ತ ಹಿರಿಯ ನರ್ಸ್, ಶಾಲೆಯ ಮುಖ್ಯೋಪಾಧ್ಯಾಯಿನಿ, ಬ್ಯಾಂಕಿನ ಶಾಖಾ ವ್ಯವಸ್ಥಾಪಕ, ನಾಲ್ಕು ಹುಡುಗರನ್ನಿಟ್ಟುಕೊಂಡು ಗ್ಯಾರೇಜು ನಡೆಸುವ ಮಾಲೀಕ, ಹತ್ತು ಆಳುಗಳ ಮೇಲಿನ ಮೇಸ್ತ್ರಿ, ಇವರೆಲ್ಲ ನಮ್ಮವರೇ. ಎಷ್ಟೋ ಸಲ ಒಬ್ಬನೇ ಮನುಷ್ಯ ಮೇಲಿನವರಿಂದ ನೊಂದು ಬಂದು ಕೆಳಗಿನವರನ್ನು ನೋಯಿಸುತ್ತಾನೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಗೆ ಕಚೇರಿ ಕಾರ್ಖಾನೆಗಳಲ್ಲಿ ದಿನವೂ ಹೊಸ ಹೊಸ ಉದಾಹರಣೆಗಳು ಹುಟ್ಟುತ್ತಿವೆ. ಆದ್ದರಿಂದ ಈ ವಾರ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ‘ನನ್ನ ಮೇಲಿನವರು ಹೇಗಿದ್ದಾರೆ’ ಎಂಬುದಲ್ಲ. ‘ನನ್ನ ಕೈಕೆಳಗಿನವರಿಗೆ ನಾನು ಹೇಗಿದ್ದೇನೆ’ ಎಂಬುದು.

ಈ ಪ್ರಶ್ನೆಗೆ ಉಪದೇಶದಿಂದ ಉತ್ತರಿಸುವುದಕ್ಕಿಂತ, ನಮ್ಮ ದೇಶದಲ್ಲೇ ನಡೆದ ಒಂದು ನಿಜ ಪ್ರಸಂಗದ ಮೂಲಕ ಉತ್ತರ ಹುಡುಕುವುದು ಲೇಸೆಂದು ನಮಗೆ ತೋರುತ್ತದೆ.

ಒಂದು ಬೆಳಗಿನ ಸೋಲು

1979ರ ಆಗಸ್ಟ್ 10. ಆಂಧ್ರಪ್ರದೇಶದ ಶ್ರೀಹರಿಕೋಟಾ. ಉಪಗ್ರಹವನ್ನು ಕಕ್ಷೆಗೆ ಸೇರಿಸಲೆಂದು ನಮ್ಮವರೇ ರೂಪಿಸಿ ನಿರ್ಮಿಸಿದ ಮೊದಲ ರಾಕೆಟ್ ಎಸ್‌ಎಲ್‌ವಿ-3 ಅಂದು ಬೆಳಿಗ್ಗೆ 8 ಗಂಟೆಗೆ ತುಸು ಮುನ್ನ ನೆಲ ಬಿಟ್ಟು ಮೇಲೇರಿತು. ನಾಲ್ಕು ಹಂತಗಳು, 22 ಮೀಟರ್ ಎತ್ತರ, 17 ಟನ್ ತೂಕ, ಅದರ ಹಿಂದೆ ನೂರಾರು ಜನರ ವರ್ಷಗಟ್ಟಲೆಯ ದುಡಿಮೆ. ಯೋಜನೆಯ ನಿರ್ದೇಶಕರಾಗಿದ್ದವರು ಮುಂದೆ ರಾಷ್ಟ್ರಪತಿಗಳಾದ ಎ.ಪಿ.ಜೆ. ಅಬ್ದುಲ್ ಕಲಾಂ. ಅವರ ಮೇಲೆ ಬಾಹ್ಯಾಕಾಶ ಸಂಸ್ಥೆ ಇಸ್ರೋದ ಅಧ್ಯಕ್ಷ ಪ್ರೊಫೆಸರ್ ಸತೀಶ್ ಧವನ್. ಧವನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದರು. 1972ರಲ್ಲಿ ಇಸ್ರೋದ ಹೊಣೆ ಹೊರಲು ಕರೆ ಬಂದಾಗ, ವಿಜ್ಞಾನ ಸಂಸ್ಥೆಯ ಕೆಲಸವನ್ನು ಬಿಡುವುದಿಲ್ಲ, ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂದು ಕೇಳಿಕೊಂಡು ಒಪ್ಪಿದವರು ಅವರು. ನಮ್ಮ ರಾಜಧಾನಿ ಇಂದು ಬಾಹ್ಯಾಕಾಶ ವಿಜ್ಞಾನದ ನೆಲೆಯಾಗಿರುವುದಕ್ಕೆ ಆ ಷರತ್ತೂ ಒಂದು ಕಾರಣ.

ರಾಕೆಟ್ಟಿನ ಮೊದಲ ಹಂತ ಸರಿಯಾಗಿ ಉರಿಯಿತು. ಎರಡನೆಯ ಹಂತದಲ್ಲಿ ಹಿಡಿತ ತಪ್ಪಿತು. 317 ಸೆಕೆಂಡುಗಳಲ್ಲಿ ಎಲ್ಲ ಮುಗಿದು, ರಾಕೆಟ್ಟೂ ಅದರ ತುದಿಯಲ್ಲಿದ್ದ ಉಪಗ್ರಹವೂ ಬಂಗಾಳ ಕೊಲ್ಲಿಯ ಪಾಲಾದವು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಉಡಾವಣೆಗೆ ಕೆಲವೇ ನಿಮಿಷಗಳಿರುವಾಗ ಒಂದು ದೋಷದ ಸೂಚನೆ ಸಿಕ್ಕಿತ್ತು. ಕಂಪ್ಯೂಟರು ಕೆಲಸವನ್ನು ತಡೆಹಿಡಿದಿತ್ತು. ತಜ್ಞರು ‘ಭಯವಿಲ್ಲ, ಮುಂದುವರಿಯಬಹುದು’ ಎಂದರು. ಮುಂದುವರಿಯುವ ತೀರ್ಮಾನವನ್ನು ತೆಗೆದುಕೊಂಡದ್ದು ತಾನು ಎಂದು ಕಲಾಂ ಅವರೇ ಮುಂದೆ ಅನೇಕ ಸಭೆಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಎಂದರೆ, ಬೆರಳು ಮಾಡಿ ತೋರಿಸಲು ಮೇಲಧಿಕಾರಿಗೆ ಅಲ್ಲೊಬ್ಬ ವ್ಯಕ್ತಿ ಸಿದ್ಧವಾಗಿಯೇ ಇದ್ದ. ಹೊರಗೆ ಪತ್ರಕರ್ತರು ಕಾದಿದ್ದರು. ಬಡ ದೇಶದ ಹಣವನ್ನು ಸಮುದ್ರಕ್ಕೆ ಸುರಿದಿರಲ್ಲ ಎಂಬ ಪ್ರಶ್ನೆ ಬರುವುದು ಖಚಿತವಿತ್ತು.

ಧವನ್ ಅವರು ಕಲಾಂ ಅವರನ್ನು ಜೊತೆಗೆ ಕರೆದುಕೊಂಡು ಪತ್ರಕರ್ತರ ಮುಂದೆ ಹೋದರು. ಆದರೆ ಮಾತನಾಡಿದವರು ಧವನ್. ಇಂದು ನಾವು ಸೋತಿದ್ದೇವೆ, ನನ್ನ ತಂಡದಲ್ಲಿ ನನಗೆ ಪೂರ್ಣ ನಂಬಿಕೆಯಿದೆ, ಮುಂದಿನ ವರ್ಷ ನಾವು ಗೆಲ್ಲುತ್ತೇವೆ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಸೋಲಿನ ಹೊಣೆಯನ್ನು ಸಂಸ್ಥೆಯ ಮುಖ್ಯಸ್ಥರಾಗಿ ತಮ್ಮ ಹೆಗಲಿಗೆ ಏರಿಸಿಕೊಂಡರು. ದೋಷದ ಸೂಚನೆ ಸಿಕ್ಕಿದ್ದರೂ ಮುಂದುವರಿದವರು ಯಾರು ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ಊಟಕ್ಕೆ ಕಾದ ಹಿರಿಯರು

ಆ ದಿನದ ಇನ್ನೊಂದು ಘಟನೆ ಇದಕ್ಕಿಂತ ಚಿಕ್ಕದು. ಆದರೆ ನಮ್ಮ ಮನಸ್ಸಿನಲ್ಲಿ ಹೆಚ್ಚು ಆಳವಾಗಿ ನಿಂತಿರುವುದು ಅದೇ. ದೇಹವೂ ಮನಸ್ಸೂ ಸೋತು ಕಲಾಂ ತಮ್ಮ ಕೋಣೆಗೆ ಹೋಗಿ ಮಲಗಿಬಿಟ್ಟರು. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ನಿರ್ದೇಶಕರಾಗಿದ್ದ, ಲೋಹವಿಜ್ಞಾನಿ ಡಾ. ಬ್ರಹ್ಮ ಪ್ರಕಾಶ್ ಅವರು ಕೋಣೆಗೆ ಬಂದು, ಮಲಗಿರುವುದನ್ನು ಕಂಡು ಎಬ್ಬಿಸದೆ ಹಿಂದಿರುಗಿದರು. ಎರಡು ಸಲ ಹೀಗಾಯಿತು. ಮೂರನೆಯ ಸಲ, ಹೊತ್ತು ಸಂಜೆಯತ್ತ ವಾಲಿದ ಮೇಲೆ ಎಬ್ಬಿಸಿ, ‘ಊಟಕ್ಕೆ ಹೋಗೋಣವೆ?’ ಎಂದು ಕೇಳಿದರು. ಅಷ್ಟು ಹೊತ್ತೂ ಅವರು ತಾವೂ ಊಟ ಮಾಡದೆ ಕಾದಿದ್ದರು. ಊಟದ ಉದ್ದಕ್ಕೂ ರಾಕೆಟ್ಟಿನ ಮಾತನ್ನು ಅವರು ಎತ್ತಲಿಲ್ಲ ಎಂದು ಕಲಾಂ ತಮ್ಮ ಆತ್ಮಕಥೆಯಲ್ಲಿ ನೆನೆದುಕೊಂಡಿದ್ದಾರೆ.

ಸೋತವನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದುದು ಸಮಾಧಾನದ ಭಾಷಣವಲ್ಲ, ಕಾರಣಗಳ ವಿಶ್ಲೇಷಣೆಯೂ ಅಲ್ಲ. ತನ್ನ ಜೊತೆಗೆ ಒಬ್ಬರು ಕುಳಿತು ಉಣ್ಣುತ್ತಾರೆ, ತಾನಿನ್ನೂ ಇವರಲ್ಲೊಬ್ಬ ಎಂಬ ಭರವಸೆ ಬೇಕಾಗಿತ್ತು. ಯಾವುದನ್ನು ಎಂದು ಹೇಳಬೇಕು ಎಂಬುದನ್ನು ತಿಳಿಯುವುದು ಎಷ್ಟು ಮುಖ್ಯವೋ, ಯಾವುದನ್ನು ಇಂದು ಹೇಳಬಾರದು ಎಂಬುದನ್ನು ತಿಳಿಯುವುದೂ ಅಷ್ಟೇ ಮುಖ್ಯ.

ಯಾರು ಎನ್ನುವ ಮೊದಲು ಏಕೆ

ಹಾಗಾದರೆ ತಪ್ಪನ್ನು ಮುಚ್ಚಿಹಾಕಿದರೇ? ಇಲ್ಲ. ಮರುದಿನವೇ ವಿಜ್ಞಾನಿಗಳು ಸೇರಿ ಹಾರಾಟದ ಪ್ರತಿಯೊಂದು ಕ್ಷಣವನ್ನೂ ಪರಿಶೀಲಿಸತೊಡಗಿದರು. ಇದಕ್ಕಾಗಿಯೇ ನೇಮಿಸಿದ ಸಮಿತಿ ಕಾರಣವನ್ನು ಕಂಡುಹಿಡಿಯಿತು. ಎರಡನೆಯ ಹಂತವನ್ನು ದಾರಿಯಲ್ಲಿ ಹಿಡಿದಿಡುವ ವ್ಯವಸ್ಥೆಗೆ ನೈಟ್ರಿಕ್ ಆಮ್ಲ ಬೇಕಿತ್ತು. ಅದರ ತೊಟ್ಟಿಯ ಒಂದು ಕವಾಟದಲ್ಲಿ ಕಲ್ಮಶ ಸಿಕ್ಕಿಕೊಂಡು, ಕವಾಟ ಮುಚ್ಚಿಕೊಳ್ಳದೆ, ನೆಲದ ಮೇಲಿರುವಾಗಲೇ ಆಮ್ಲ ಸೋರಿಹೋಗಿತ್ತು. ಮೇಲೆ ಹೋದ ಮೇಲೆ ಬಲ ಬೇಕಾದಾಗ ಬಲವಿರಲಿಲ್ಲ. 17 ಟನ್ನಿನ ರಾಕೆಟ್ಟನ್ನು ಕೆಡವಿದ್ದು ಒಂದು ಕವಾಟದೊಳಗಿನ ಕೊಳೆ.

ಈ ವರದಿಯನ್ನು ಧವನ್ ಅವರ ಮುಂದಿಟ್ಟಾಗ ಎಲ್ಲರೂ ತೃಪ್ತರಾದರು. ಕಲಾಂ ಮಾತ್ರ ಎದ್ದು ನಿಂತರು. ಸೋರಿಕೆಯ ಸೂಚನೆ ಸಿಕ್ಕಾಗ ಅದನ್ನು ಅಲ್ಪವೆಂದು ಬಗೆದದ್ದು ತನ್ನ ತಪ್ಪು, ಉಡಾವಣೆಯನ್ನು ತಾನು ನಿಲ್ಲಿಸಬೇಕಾಗಿತ್ತು ಎಂದು ಎಲ್ಲರೆದುರು ಒಪ್ಪಿಕೊಂಡರು.

ನಮ್ಮ ದೃಷ್ಟಿಯಲ್ಲಿ ಇಡೀ ಪ್ರಸಂಗದ ತಿರುಳು ಇಲ್ಲಿದೆ. ಕಲಾಂ ಅವರನ್ನು ಯಾರೂ ಕಟಕಟೆಗೆ ಎಳೆಯಲಿಲ್ಲ. ಆದುದರಿಂದಲೇ ಅವರು ತಾವಾಗಿ ಎದ್ದು ನಿಲ್ಲಲು ಸಾಧ್ಯವಾಯಿತು. ಮೇಲಿನವನು ಬೆರಳು ತೋರಿಸತೊಡಗಿದರೆ ಕೆಳಗಿನವನು ತನ್ನನ್ನು ಕಾಪಾಡಿಕೊಳ್ಳಲು ಇನ್ನೊಬ್ಬನತ್ತ ಬೆರಳು ತೋರಿಸುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾವು ನಗುತ್ತೇವೆ. ಕಾಲು ತಪ್ಪಿತು ಎಂದು ಒಪ್ಪಿಕೊಂಡರೆ ಊರೆಲ್ಲ ಕಲ್ಲು ಹಿಡಿದು ನಿಲ್ಲುತ್ತದೆ ಎಂಬ ಭಯವಿದ್ದಲ್ಲಿ ಯಾರು ತಾನೇ ನೆಲವನ್ನು ದೂರದೆ ಇರುತ್ತಾರೆ? ಶಿಕ್ಷೆಯ ಭಯ ಹೆಚ್ಚಿದಷ್ಟೂ ಸತ್ಯ ಹಿಂದೆ ಸರಿಯುತ್ತದೆ. ಸತ್ಯ ಸಿಗದಿದ್ದರೆ ಕವಾಟದೊಳಗಿನ ಕೊಳೆ ಅಲ್ಲೇ ಉಳಿಯುತ್ತದೆ. ಮುಂದಿನ ರಾಕೆಟ್ಟೂ ಸಮುದ್ರಕ್ಕೆ ಬೀಳುತ್ತದೆ.

ಪತ್ರಕರ್ತರ ಮುಂದೆ ಯಾರು?

1980ರ ಜುಲೈ 18. ಅದೇ ಶ್ರೀಹರಿಕೋಟಾ, ಅದೇ ತಂಡ, ಅದೇ ನಿರ್ದೇಶಕ. ಈ ಸಲ ಎಸ್‌ಎಲ್‌ವಿ-3 ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಸ್ವಂತ ರಾಕೆಟ್ಟಿನಿಂದ ಉಪಗ್ರಹ ಹಾರಿಸಿದ ಬೆರಳೆಣಿಕೆಯ ದೇಶಗಳ ಸಾಲಿಗೆ ಭಾರತವೂ ಸೇರಿತು. ಪತ್ರಕರ್ತರು ಮತ್ತೆ ನೆರೆದಿದ್ದರು. ಅಂದು ಧವನ್ ಅವರು ಕಲಾಂ ಅವರನ್ನು ಕರೆದು, ಇಂದು ಪತ್ರಕರ್ತರ ಜೊತೆ ನೀವೇ ಮಾತನಾಡಿ ಎಂದರು.

ಸೋತ ದಿನ ಮಾತಿಗೆ ನಿಂತವರು ಅಧ್ಯಕ್ಷರು. ಗೆದ್ದ ದಿನ ಮಾತಿಗೆ ನಿಂತವರು ತಂಡದ ನಾಯಕರು. ನಾಯಕತ್ವದ ಬಗ್ಗೆ ಯಾವ ಪುಸ್ತಕದಲ್ಲೂ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಗಲಿಲ್ಲ ಎಂಬ ಅರ್ಥದ ಮಾತನ್ನು ಕಲಾಂ ಜೀವನದುದ್ದಕ್ಕೂ ಹೇಳುತ್ತ ಬಂದರು. ಲೋಕದ ರೂಢಿ ಇದಕ್ಕೆ ತೀರ ವಿರುದ್ಧವಾದುದು. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಯಾವ ಊರಲ್ಲೂ ಬರಗಾಲವಿಲ್ಲ. ಬಿದ್ದ ಎತ್ತಿನ ಬಳಿ ನಿಲ್ಲುವವರು ಮಾತ್ರ ವಿರಳ.

2002ರ ಜನವರಿಯಲ್ಲಿ ಧವನ್ ತೀರಿಕೊಂಡರು. ಅದೇ ವರ್ಷ ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ಅವರು ಬಿಟ್ಟುಹೋದ ರೂಢಿ ಅಲ್ಲಿಗೇ ನಿಲ್ಲಲಿಲ್ಲ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಚಂದ್ರನ ನೆಲ ಮುಟ್ಟುವ ಮುನ್ನ ಸಂಪರ್ಕ ಕಳೆದುಕೊಂಡುದನ್ನು ನಾವೆಲ್ಲ ಮಧ್ಯರಾತ್ರಿ ಎದ್ದು ಕುಳಿತು ದೂರದರ್ಶನದಲ್ಲಿ ಕಂಡಿದ್ದೇವೆ. ಆ ಬಳಿಕ ವಿಜ್ಞಾನಿಗಳು ಎಲ್ಲೆಲ್ಲಿ ತಪ್ಪಬಹುದು ಎಂಬುದನ್ನೇ ಮೊದಲು ಲೆಕ್ಕ ಹಾಕಿ ಹೊಸ ನೌಕೆಯನ್ನು ರೂಪಿಸಿದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಸುರಕ್ಷಿತವಾಗಿ ಇಳಿಯಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಅವರು ಯೋಜನಾ ನಿರ್ದೇಶಕ ಪಿ. ವೀರಮುತ್ತುವೇಲ್, ಸಹ ಯೋಜನಾ ನಿರ್ದೇಶಕಿ ಕೆ. ಕಲ್ಪನಾ ಮೊದಲಾದವರನ್ನು ಕರೆದು ಮಾತನಾಡಲು ಬಿಟ್ಟರು. ಒಳ್ಳೆಯ ಮೇಲಧಿಕಾರಿಯ ಮಾದರಿ ಅವನ ಕಾಲಾನಂತರವೂ ಒಂದು ಸಂಸ್ಥೆಯ ಗುಣವಾಗಿ ಉಳಿಯಬಲ್ಲದು. ಕೆಟ್ಟವನ ಮಾದರಿಯೂ ಹಾಗೆಯೇ ಎಂಬುದನ್ನು ಮರೆಯಬಾರದು.

ತುಂಬಾದ ದೇವಾಲಯ

ಕಥೋಲಿಕರಾದ ನಮಗೆ ಈ ಕಥೆಯಲ್ಲಿ ಇನ್ನೂ ಹತ್ತಿರದ ಒಂದು ಪುಟವಿದೆ. ಅದು 1979ಕ್ಕಿಂತ ಹಿಂದಿನದು. 1960ರ ದಶಕದ ಆರಂಭದಲ್ಲಿ ಡಾ. ವಿಕ್ರಮ್ ಸಾರಾಭಾಯಿ ಅವರು ರಾಕೆಟ್ ಹಾರಿಸಲು ಜಾಗ ಹುಡುಕುತ್ತಿದ್ದರು. ಭೂಮಿಯ ಕಾಂತೀಯ ಸಮಭಾಜಕ ರೇಖೆಗೆ ಸಮೀಪದಲ್ಲಿದ್ದ ಕೇರಳದ ತುಂಬಾ ಎಂಬ ಮೀನುಗಾರರ ಊರು ಅದಕ್ಕೆ ತಕ್ಕುದಾಗಿತ್ತು. ಆದರೆ ಅಲ್ಲಿ ಜನರ ಮನೆಗಳಿದ್ದವು. ಸಂತ ಮರಿಯ ಮಗ್ದಲೇನರ ದೇವಾಲಯವಿತ್ತು. ಸಾರಾಭಾಯಿ ಅವರು ತಿರುವನಂತಪುರದ ಧರ್ಮಾಧ್ಯಕ್ಷ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡರು.

ಕಲಾಂ ಅವರ ಬರಹದ ಪ್ರಕಾರ ಧರ್ಮಾಧ್ಯಕ್ಷರು ಕೂಡಲೇ ಹೌದು ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಭಾನುವಾರ ಬನ್ನಿ ಎಂದರು. ಅಂದು ದೇವಾಲಯದಲ್ಲಿ ನೆರೆದ ಜನರ ಮುಂದೆ ವಿಷಯವನ್ನಿಟ್ಟು, ವಿಜ್ಞಾನದ ಕೆಲಸವೂ ಜನರ ಒಳಿತಿಗಾಗಿಯೇ ಇರುವುದೆಂದು ವಿವರಿಸಿ, ನಿಮ್ಮ ದೇವಾಲಯವನ್ನೂ ಮನೆಗಳನ್ನೂ ಈ ಕೆಲಸಕ್ಕೆ ಕೊಡೋಣವೆ ಎಂದು ಕೇಳಿದರು. ಜನರು ‘ಆಮೆನ್’ ಎಂದರು. 1963ರ ನವೆಂಬರ್ 21ರಂದು ತುಂಬಾದಿಂದ ಮೊದಲ ರಾಕೆಟ್ ಹಾರಿತು. ದೇವಾಲಯದ ಕಟ್ಟಡವೇ ವಿಜ್ಞಾನಿಗಳ ಕಾರ್ಯಾಲಯವಾಯಿತು. ಇಂದು ಅದು ಬಾಹ್ಯಾಕಾಶ ವಸ್ತುಸಂಗ್ರಹಾಲಯವಾಗಿದೆ.

ಧರ್ಮಾಧ್ಯಕ್ಷರಿಗೆ ಅಧಿಕಾರವಿತ್ತು. ಕಾಗದಕ್ಕೆ ಸಹಿ ಹಾಕಿ ಜನರಿಗೆ ತೆರವು ಮಾಡಿರೆಂದು ಹೇಳಿಕಳುಹಿಸಬಹುದಿತ್ತು. ಆದರೆ ಬಿಟ್ಟುಕೊಡಬೇಕಾದವರು ಬಡ ಮೀನುಗಾರರು. ಕಳೆದುಕೊಳ್ಳುವವರನ್ನು ಕೇಳದೆ ಕೊಡುವ ದಾನ ದಾನವಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು. ತೀರ್ಮಾನದ ಭಾರ ಯಾರ ಮೇಲೆ ಬೀಳುತ್ತದೆಯೋ ಅವರನ್ನು ತೀರ್ಮಾನಕ್ಕೆ ಮುನ್ನ ಕೇಳುವುದು ಮೇಲಿನವನ ದೌರ್ಬಲ್ಯವಲ್ಲ, ಅವನ ಬಲ. ನಾಳೆಯಿಂದ ಪಾಳಿ ಬದಲಾಗಿದೆ ಎಂದು ರಾತ್ರಿ ಹತ್ತು ಗಂಟೆಗೆ ಮೊಬೈಲಿಗೆ ಸಂದೇಶ ಕಳುಹಿಸುವವರು ಈ ಭಾನುವಾರವನ್ನು ಒಮ್ಮೆ ನೆನೆದುಕೊಳ್ಳಬೇಕು.

ನಾವು ಗುರುಮಠದಲ್ಲಿ ತತ್ವಶಾಸ್ತ್ರ ಕಲಿಯುತ್ತಿದ್ದಾಗ ಸಂತ ಥಾಮಸ್ ಅಕ್ವಿನಾಸರ ವಿವೇಕದ ವಿವೇಚನೆಯನ್ನು ಕಲಿತೆವು. ವಿವೇಕಕ್ಕೆ ಬೇಕಾದ ಅಂಗಗಳನ್ನು ಎಣಿಸುವಾಗ ಅವರು ನೆನಪು, ಮುಂದಾಲೋಚನೆ, ಎಚ್ಚರಿಕೆ ಇವುಗಳ ಜೊತೆಗೆ ಇತರರಿಂದ ಕಲಿಯುವ ಗುಣವನ್ನೂ ಸೇರಿಸುತ್ತಾರೆ. ಪಂಡಿತರಿಗೂ ಅದು ಬೇಕು, ಏಕೆಂದರೆ ವಿವೇಕದ ವಿಷಯದಲ್ಲಿ ಯಾವ ಮನುಷ್ಯನೂ ತನಗೆ ತಾನೇ ಸಾಲುವುದಿಲ್ಲ ಎಂಬುದು ಅವರ ವಿಚಾರ. ಅಂದು ನಾವದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದೆವು. ಅರ್ಥವಾದುದು ಬಹಳ ಕಾಲದ ನಂತರ, ಅದೂ ಒಂದು ತಪ್ಪಿನ ಮೂಲಕ.

ನಮ್ಮ ತಪ್ಪೊಪ್ಪಿಗೆ

ಆಗ ನಮಗೆ ನಲವತ್ತು ಸಹ ಆಗಿರಲಿಲ್ಲ. ಧರ್ಮಕೇಂದ್ರದ ಪ್ರೌಢಶಾಲೆಗೆ ನಾವೇ ಸಂಚಾಲಕರು. ಒಂದು ವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಿದ್ದುಹೋಯಿತು. ಗಣಿತದಲ್ಲಿ ಬಹಳ ಮಕ್ಕಳು ತೇರ್ಗಡೆಯಾಗಲಿಲ್ಲ. ಮೇಲಿನಿಂದ ನಮಗೊಂದು ಖಾರವಾದ ಪತ್ರ ಬಂತು. ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ನಾವು ಶಿಕ್ಷಕರ ಸಭೆಗೆ ಹೋದೆವು. ಎಲ್ಲರ ಮುಂದೆ, ಪೋಷಕರ ಪ್ರತಿನಿಧಿಗಳೂ ಕುಳಿತಿರುವಾಗ, ಗಣಿತದ ಮೇಷ್ಟ್ರ ಹೆಸರು ಹಿಡಿದು, ಈ ಅವಮಾನಕ್ಕೆ ಇವರೇ ಕಾರಣವೆಂದು ಹೇಳಿದೆವು. ಅವರು ಎದ್ದು ನಿಂತರು, ಏನೋ ಹೇಳಲು ಬಾಯಿ ತೆರೆದರು, ಹೇಳದೆ ಕುಳಿತರು.

ಆ ವರ್ಷದ ಕೊನೆಗೆ ಅವರು ರಾಜೀನಾಮೆ ಕೊಟ್ಟು ಹೋದರು. ಮುಂದೆ ಕಡತಗಳನ್ನು ಜೋಡಿಸುವಾಗ ಅವರದೇ ಅಕ್ಷರದ ಎರಡು ಅರ್ಜಿಗಳು ನಮ್ಮ ಕೈಗೆ ಸಿಕ್ಕವು. ಎರಡು ವಿಭಾಗಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಕಲಿಸಬೇಕಾಗಿದೆ, ಇನ್ನೊಬ್ಬ ಗಣಿತ ಶಿಕ್ಷಕರನ್ನು ದಯವಿಟ್ಟು ನೇಮಿಸಿ ಎಂದು ಅವರು ಬರೆದಿದ್ದರು. ಹಣದ ಅಡಚಣೆಯೆಂದು ಅರ್ಜಿಯನ್ನು ಬದಿಗಿಟ್ಟವರು ನಾವೇ. ಕವಾಟದೊಳಗಿನ ಕೊಳೆ ನಮ್ಮ ಮೇಜಿನ ಮೇಲೆಯೇ ಇತ್ತು. ಸೂಚನೆ ಎರಡು ಸಲ ಸಿಕ್ಕಿತ್ತು. ನಾವು ಅದನ್ನು ಅಲ್ಪವೆಂದು ಬಗೆದಿದ್ದೆವು. ಸಭೆಯಲ್ಲಿ ಅವರು ತೆರೆದ ಬಾಯಿಯನ್ನು ಮುಚ್ಚಿಕೊಂಡದ್ದು ತಪ್ಪಿತಸ್ಥನ ಮೌನವಾಗಿರಲಿಲ್ಲ, ನಮ್ಮ ಮರ್ಯಾದೆಯನ್ನು ಉಳಿಸಿದ ಮೌನವಾಗಿತ್ತು.

ನಾವು ಅವರ ಊರನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆವು. ಅವರು ಒಳಗೆ ಕರೆದು ಕಾಫಿ ಕೊಟ್ಟರು. ‘ಹೋಗಲಿ ಬಿಡಿ ಫಾದರ್, ಮಕ್ಕಳಿಗೆ ಈಗ ಮೇಷ್ಟ್ರು ಇದ್ದಾರಾ?’ ಎಂದಷ್ಟೇ ಕೇಳಿದರು. ಆದರೆ ಅವರು ಮತ್ತೆಂದೂ ತರಗತಿಗೆ ಕಾಲಿಡಲಿಲ್ಲ. ಒಂದು ಸಭೆಯ ಹತ್ತು ನಿಮಿಷಗಳಲ್ಲಿ ನಾವು ಒಬ್ಬ ಒಳ್ಳೆಯ ಶಿಕ್ಷಕರನ್ನು ಶಿಕ್ಷಣ ಕ್ಷೇತ್ರದಿಂದಲೇ ಕಳೆದಿದ್ದೆವು. ಕ್ಷಮೆ ಸಿಕ್ಕಿತು, ಕಳೆದುದು ಸಿಗಲಿಲ್ಲ. ಈ ಲೇಖನವನ್ನು ಬರೆಯಲು ನಮಗಿರುವ ಅರ್ಹತೆ ಇಷ್ಟೇ.

ಸಲಿಗೆಯೋ ಶಿಸ್ತೋ?

‘ಹೀಗೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡರೆ ಕೆಲಸದವರು ತಲೆಯ ಮೇಲೆ ಕೂರುವುದಿಲ್ಲವೆ?’ ಎಂದು ಅನುಭವಸ್ಥರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದುದರಿಂದ ಕೆಲವು ಗೆರೆಗಳನ್ನು ಸ್ಪಷ್ಟವಾಗಿ ಎಳೆದುಕೊಳ್ಳಬೇಕು.

ಪ್ರಾಮಾಣಿಕವಾಗಿ ದುಡಿಯುವಾಗ ಆಗುವ ತಪ್ಪು ಬೇರೆ, ಉದಾಸೀನ ಬೇರೆ, ಮೋಸ ಬೇರೆ. ಮೊದಲನೆಯದಕ್ಕೆ ಕಲಿಸಬೇಕು, ಎರಡನೆಯದಕ್ಕೆ ಎಚ್ಚರಿಸಬೇಕು, ಮೂರನೆಯದನ್ನು ಸಹಿಸಬಾರದು. ಮೂರಕ್ಕೂ ಒಂದೇ ಬೆತ್ತ ಹಿಡಿಯುವವನು ನ್ಯಾಯವಂತನಲ್ಲ. ಮೂರಕ್ಕೂ ಒಂದೇ ನಗೆ ನಗುವವನೂ ಅಲ್ಲ. ರೋಗಿಗೆ ಕೊಡಬೇಕಾದ ಔಷಧದ ಪ್ರಮಾಣದಲ್ಲಿ ತಪ್ಪಾದರೆ ಅದು ದಾಖಲಾಗಲೇಬೇಕು, ಕಾರಣ ತಿಳಿಯಲೇಬೇಕು. ಆದರೆ ತಪ್ಪನ್ನು ತಾನಾಗಿ ಬಂದು ಹೇಳಿದ ನರ್ಸನ್ನು ಹೀಯಾಳಿಸಿದರೆ ಮುಂದಿನ ತಪ್ಪನ್ನು ಯಾರೂ ಹೇಳುವುದಿಲ್ಲ. ಅದರ ಬೆಲೆಯನ್ನು ತೆರುವವನು ಹಾಸಿಗೆಯಲ್ಲಿ ಮಲಗಿರುವ ರೋಗಿ.

ಧವನ್ ಅವರು ಜಗತ್ತಿನ ಮುಂದೆ ತಮ್ಮವರಿಗೆ ಗುರಾಣಿಯಾದರು. ಕೋಣೆಯೊಳಗೆ ಸತ್ಯವನ್ನು ಸಡಿಲಿಸಲಿಲ್ಲ. ಹೊರಗೆ ರಕ್ಷಣೆ, ಒಳಗೆ ನಿಷ್ಠುರ ಪರೀಕ್ಷೆ: ಇವೆರಡೂ ಒಟ್ಟಿಗಿದ್ದುದರಿಂದಲೇ ಒಂದು ವರ್ಷದೊಳಗೆ ಗೆಲುವು ಬಂತು. ಬರೀ ರಕ್ಷಣೆಯಿದ್ದರೆ ಅದು ಸಲಿಗೆಯಾಗುತ್ತಿತ್ತು. ಬರೀ ಪರೀಕ್ಷೆಯಿದ್ದರೆ ಕ್ರೌರ್ಯವಾಗುತ್ತಿತ್ತು. ನಮ್ಮಲ್ಲಿ ಅನೇಕರು ಇದನ್ನು ತಿರುಗುಮುರುಗು ಮಾಡುತ್ತೇವೆ. ಹತ್ತು ಜನರ ಮುಂದೆ ಗದರುತ್ತೇವೆ. ಒಬ್ಬನೇ ಸಿಕ್ಕಾಗ ನಿಜ ಹೇಳುವ ಧೈರ್ಯವಿಲ್ಲದೆ ನಕ್ಕು ಕಳುಹಿಸುತ್ತೇವೆ.

ಇದರ ಹಿಂದೆ ಮನುಷ್ಯನ ಕುರಿತಾದ ಒಂದು ನೋಟವಿದೆ. ನಾಜಿಗಳ ಆಕ್ರಮಣದ ಕಾಲದಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಕಲ್ಲುಗಣಿಯಲ್ಲೂ ರಾಸಾಯನಿಕ ಕಾರ್ಖಾನೆಯಲ್ಲೂ ಕೂಲಿಯಾಗಿ ದುಡಿದ ಯುವಕನೊಬ್ಬ ಮುಂದೆ ಪೋಪ್ ಎರಡನೆಯ ಜಾನ್ ಪಾಲ್ ಆದರು. ಕಾರ್ಮಿಕರ ಸ್ಥಿತಿಯ ಬಗ್ಗೆ ಪೋಪ್ ಹದಿಮೂರನೆಯ ಲಿಯೋ 1891ರಲ್ಲಿ ಹೊರಡಿಸಿದ ಪರಿಪತ್ರಕ್ಕೆ 90 ವರ್ಷ ತುಂಬಿದಾಗ, 1981ರಲ್ಲಿ ಅವರು ದುಡಿಮೆಯ ಕುರಿತು ಪರಿಪತ್ರ ಬರೆದರು. ದುಡಿಮೆಯಿರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ದುಡಿಮೆಗಾಗಿ ಅಲ್ಲ ಎಂಬುದು ಅದರ ಸಾರ. ಮಾಡುವ ಕೆಲಸ ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ಮಾಡುವವನು ಒಬ್ಬ ವ್ಯಕ್ತಿ ಎಂಬುದು ದೊಡ್ಡದು. ಕಲ್ಲು ಹೊತ್ತು ಅನುಭವವಿದ್ದವರು ಬರೆದ ಮಾತಾದುದರಿಂದ ಅದಕ್ಕೆ ತೂಕ ಹೆಚ್ಚು.

ಸೋಮವಾರದ ಕೆಲಸ

ಆತ್ಮೀಯ ಓದುಗರೇ, ನಮ್ಮಲ್ಲಿ ರಾಕೆಟ್ ಹಾರಿಸುವವರು ಕೆಲವರೇ ಇರಬಹುದು. ಆದರೆ ಇಬ್ಬರು ಹುಡುಗರಿರುವ ಅಂಗಡಿಯಲ್ಲೂ ಒಬ್ಬಾಕೆ ಕೆಲಸಕ್ಕೆ ಬರುವ ಮನೆಯಲ್ಲೂ ಇದೇ ಧರ್ಮ ನಡೆಯುತ್ತದೆ. ಪಾತ್ರೆ ಒಡೆದಾಗ ‘ಯಾರು ಒಡೆದದ್ದು?’ ಎಂದು ಕೂಗುವ ಮುನ್ನ ‘ಕೈಗೆ ತಾಗಿತೇ?’ ಎಂದು ಕೇಳುವ ಮನೆಯೊಡತಿ ನಾಯಕತ್ವದ ಮೊದಲ ಪಾಠವನ್ನು ಆಗಲೇ ಕಲಿತಿದ್ದಾಳೆ.

ಕೈಕೆಳಗಿನವರನ್ನು ತಿದ್ದುವುದಿದ್ದರೆ ಬಾಗಿಲು ಮುಚ್ಚಿ ತಿದ್ದೋಣ. ಹೊಗಳುವುದಿದ್ದರೆ ಬಾಗಿಲು ತೆರೆದು ಹೊಗಳೋಣ. ಮೊಬೈಲಿನ ಗುಂಪು ಸಹ ತೆರೆದ ಬಾಗಿಲೇ ಎಂಬುದನ್ನು ಮರೆಯದಿರೋಣ. ಅಲ್ಲಿ ಒಬ್ಬನನ್ನು ಗದರಿದರೆ ಐವತ್ತು ಜನರ ಮುಂದೆ ಗದರಿದಂತೆ. ಮೇಲಿನಿಂದ ಬಂದ ಖಾರದ ಪತ್ರವನ್ನು ಒಂದು ರಾತ್ರಿ ಜೇಬಿನಲ್ಲೇ ಇಟ್ಟುಕೊಳ್ಳೋಣ. ಅದೇ ಬಿಸಿಯಲ್ಲಿ ಕೆಳಗೆ ದಾಟಿಸದಿರೋಣ. ‘ಇದಕ್ಕೆ ನನ್ನಿಂದ ಏನು ತಪ್ಪಾಯಿತು?’ ಎಂಬ ಪ್ರಶ್ನೆಯನ್ನು ಇತರರನ್ನು ಕೇಳುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ. ತಪ್ಪು ಮಾಡಿದವನಿಗೆ ಮುಂದಿನ ಕೆಲಸವನ್ನು ಕೊಡೋಣ; 1980ರಲ್ಲಿ ರಾಕೆಟ್ಟಿನ ಹೊಣೆ ಅದೇ ವ್ಯಕ್ತಿಯ ಕೈಯಲ್ಲಿತ್ತು ಎಂಬುದನ್ನು ನೆನೆಯೋಣ. ನಂಬಿಕೆ ಇದೆ ಎಂದು ನೂರು ಸಲ ಹೇಳುವುದಕ್ಕಿಂತ ಒಂದು ಕೆಲಸವನ್ನು ಮತ್ತೆ ಒಪ್ಪಿಸುವುದು ಹೆಚ್ಚಿನದು.

ಇವುಗಳಲ್ಲಿ ಯಾವುದಕ್ಕೂ ಹಣ ಬೇಕಾಗಿಲ್ಲ, ಮೇಲಿನವರ ಅನುಮತಿಯೂ ಬೇಕಾಗಿಲ್ಲ. ಬೇಕಾಗಿರುವುದು ತುಸು ಅಹಂಕಾರವನ್ನು ನುಂಗಿಕೊಳ್ಳುವ ಶಕ್ತಿ. ಸೋಲು ಬಂದಾಗ ಒಂದು ಹೆಜ್ಜೆ ಮುಂದೆ ಬರುವುದು, ಗೆಲುವು ಬಂದಾಗ ಒಂದು ಹೆಜ್ಜೆ ಹಿಂದೆ ಸರಿಯುವುದು. ನೋಡಲು ಎರಡೇ ಹೆಜ್ಜೆ, ನಡೆಯಲು ಒಂದು ಜೀವಮಾನ.

ಈ ಸೋಮವಾರ ನೀವು ಕೆಲಸಕ್ಕೆ ಹೋದಾಗ ಅಲ್ಲಿ ತಲೆ ತಗ್ಗಿಸಿ ಕುಳಿತವರು ಯಾರಾದರೂ ಇದ್ದಾರೆಯೇ ನೋಡಿ. ಕಳೆದ ವಾರದ ತಪ್ಪಿನ ಲೆಕ್ಕವನ್ನು ಕೇಳುವ ಸಮಯ ಬಂದೇ ಬರುತ್ತದೆ. ಅದಕ್ಕೆ ಮುನ್ನ, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅವರ ಮೇಜಿನ ಬಳಿ ಹೋಗಿ, ‘ಊಟಕ್ಕೆ ಹೋಗೋಣವೆ?’ ಎಂದು ಕೇಳಿ. ನಮ್ಮ ಗಣಿತದ ಮೇಷ್ಟ್ರಿಗೆ ಅಂದು ಯಾರೂ ಆ ಮಾತನ್ನು ಕೇಳಿರಲಿಲ್ಲ.